ನಿದ್ದೆ ಎಂದು ಬರೆಯಬಾರದ ನಿದ್ದೆ ಮಾತ್ರೆ

ಗೆಳೆಯರೇ, ಹೊರದೇಶಗಳಿಗೆ ಮಾರಲು ಹೊರಟ ನಮ್ಮ ಕಂಪನಿಯ ನಿದ್ದೆ ಮಾತ್ರೆಯ ಲೇಬಲ್ ಇವತ್ತು ಮೂರನೇ ಸಲ ವಾಪಸ್ ಬಂತು. ಒಂದು ದೇಶಕ್ಕೆ ಅದು ಔಷಧ, ಇನ್ನೊಂದಕ್ಕೆ ಆಹಾರ. ಮೂರನೆಯ ದೇಶದ ಫ್ಯಾಕ್ಸ್ ಹೀಗಿದೆ: "ನಿದ್ದೆ ಬರುತ್ತದೆ ಎಂದು ಬರೆಯುವಂತಿಲ್ಲ, ಪುರಾವೆ ಸಾಲದು. ಆದರೆ ನಿದ್ದೆ ಬರಬಹುದು, ವಾಹನ ಓಡಿಸಬೇಡಿ ಎಂಬ ಎಚ್ಚರಿಕೆ ಕಡ್ಡಾಯ."

ಸೀತಾಬರ್ಡಿ ಪೇಟೆಯ ಪುಟ್ಟ ಆಫೀಸಿನಲ್ಲಿ ನಮ್ಮ ಮಾಲೀಕರು ಕುಲಕರ್ಣಿಯವರು ತಲೆ ಮೇಲೆ ಕೈ ಹೊತ್ತು ಕೂತರು.

"ಹಂಗಾರ ಡಬ್ಬಿ ಮ್ಯಾಲೆ ಏನ್ ಉಳೀತ್ರಿ?"

"ಎಚ್ಚರಿಕೆ ಒಂದ ಉಳೀತ್ರಿ, ಸಾಹೇಬ್ರ."

"ಬರೋಬರ್. ಅದನ್ನ ದೊಡ್ಡ ಅಕ್ಷರದಾಗ ಛಾಪಸ್ರಿ, ಜಲ್ದಿ!"

ಅಚ್ಚಿಗೆ ಕೊಟ್ಟು ಬಂದೆ. ಇದೂ ವಾಪಸ್ ಬಂದರೆ ಕಂಪನಿಗೆ ಬೀಗ, ಹನ್ನೊಂದು ಜನ ಮನೆಗೆ. ಈ ಲೇಬಲ್ ಚಿಂತೆಯಲ್ಲಿ ನಿದ್ದೆಗೆಟ್ಟು ಒಂದು ವಾರದಿಂದ ನಮ್ಮದೇ ಮಾತ್ರೆ ನುಂಗುತ್ತಿದ್ದೇನೆ. ನಿದ್ದೆ ಹತ್ತುತ್ತಿಲ್ಲ. ಪುರಾವೆ ಸಾಲದು ಎಂದವರ ಹತ್ತಿರ ಯಾವ ಮುಖ ಇಟ್ಟುಕೊಂಡು ವಾದ ಮಾಡಲಿ?