ಟೀಚರ್ ಸುಟ್ಟ ಗರಿ

ಕಳೆದ ಶುಕ್ರವಾರ ಮನೆಗೆ ಬಖೂರಿನ ಪರಿಮಳದ ಹೊಗೆ ಹಾಕಲೆಂದು ಇದ್ದಿಲ ಬಿಲ್ಲೆಗೆ ಬೆಂಕಿ ಮುಟ್ಟಿಸಿದೆ. ಬಿಲ್ಲೆ ಚಟಪಟ ಎಂದು ಪಟಾಕಿಯ ವಾಸನೆ ಬಿಟ್ಟಿತು. ಸಿಲಿಕಾನ್ ಓಯಸಿಸ್‌ನ ಈ ಫ್ಲ್ಯಾಟಿನಲ್ಲಿ ನಿಂತಲ್ಲೇ ನನಗೆ ಟೀಚರ್ ನೆನಪಾದರು...

ನಾನು ಶಾಲೆಗೆ ಹೋಗುತ್ತಿದ್ದಾಗ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಅವರು ನಮ್ಮ ಎದುರು ಬಾಗಿಲಿನವರು. ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ನನಗೂ ಇನ್ನಿಬ್ಬರು ಹುಡುಗಿಯರಿಗೂ ವಿಜ್ಞಾನ ಹೇಳಿಕೊಡುತ್ತಿದ್ದರು. ಪುಸ್ತಕದಲ್ಲಿದ್ದುದಕ್ಕಿಂತ ಪುಸ್ತಕ ಬಿಟ್ಟದ್ದರ ಮೇಲೆಯೇ ಅವರಿಗೆ ಪ್ರೀತಿ. ಮುನ್ನೂರು ನಾನ್ನೂರು ವರ್ಷಗಳ ಹಿಂದೆ ಯುರೋಪಿನ ಪಂಡಿತರು ಗುಡುಗೆಂದರೆ ಆಕಾಶದಲ್ಲಿ ಸಿಡಿಯುವ ಕೋವಿಮದ್ದು ಎಂದುಕೊಂಡಿದ್ದರಂತೆ. ಭೂಮಿಯಿಂದ ಗಂಧಕ, ಪೆಟ್ಲುಪ್ಪಿನ ಆವಿ ಮೇಲೇರಿ ಮೋಡದಲ್ಲಿ ಹೊತ್ತಿಕೊಳ್ಳುತ್ತದೆ; ನೆಲದೊಳಗೇ ಹೊತ್ತಿಕೊಂಡರೆ ಭೂಕಂಪ. ನಾವು ನಕ್ಕರೆ, "ನಗ್ಬೇಡಿ ಮಕ್ಳೇ, ಸಿಡಿಲು ಬಿದ್ದಲ್ಲಿ ಅವರಿಗೆ ಆ ಕೋವಿಮದ್ದಿನ ವಾಸನೆ ಬಂದದ್ದು ಹೌದು" ಎನ್ನುತ್ತಿದ್ದರು. ಸಿಡಿಲನ್ನು ಓಡಿಸಲೆಂದು ಇಗರ್ಜಿಯ ಗಂಟೆ ಬಾರಿಸಲು ಹೋಗಿ ಸಿಡಿಲಿಗೇ ಬಲಿಯಾದವರ ಕಥೆಯನ್ನೂ ಅವರೇ ಹೇಳಿದ್ದು.

ಒಂದು ಮಧ್ಯಾಹ್ನ ಪಾಠದ ನಡುವೆ ಗುಡುಗಿತು. ಟೀಚರ್ ಎದ್ದುಹೋಗಿ, ಗರಿಗಳ ಭಾನುವಾರ ಊರಿನ ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟಿದ್ದ ತೆಂಗಿನ ಗರಿಯನ್ನು ಅಡುಗೆಮನೆಯಲ್ಲಿ ಸುಟ್ಟರು. ಸಿಡಿಲಿನಿಂದ ದೇವರು ಕಾಪಾಡಲಿ ಎಂದು ಅವರಲ್ಲಿ ಹಾಗೊಂದು ಪದ್ಧತಿ. ಮೇಲಿದ್ದ ಸ್ಮೋಕ್ ಅಲಾರ್ಮಿಗೆ ಆ ಪದ್ಧತಿ ಗೊತ್ತಿರಲಿಲ್ಲ. ಇಡೀ ಕಟ್ಟಡದವರು ಮೆಟ್ಟಿಲಿಳಿದು ಮಳೆಯಲ್ಲಿ ನಿಂತರು. ನನಗೆ ಹದಿನೈದು ವರ್ಷ, ತಲೆಯ ಮೇಲೆ ಕೋಡು ಮೂಡಿದ್ದ ಕಾಲ. "ಟೀಚರ್, ಹೊಗೆ ಮೋಡಕ್ಕೆ ಮುಟ್ಟಿತಾ?" ಎಂದು ಎಲ್ಲರ ಮುಂದೆ ಕೇಳಿದೆ. ಜನ ನಕ್ಕರು. ಟೀಚರ್ ಫೋನನ್ನು ಕಿವಿಗೊತ್ತಿಕೊಂಡೇ ನಿಂತಿದ್ದರು.

ಅವರ ಗಂಡ ಅಂದು ಕಡಲ ನಡುವಿನ ಎಣ್ಣೆಬಾವಿಗಳಿಗೆ ಸಾಮಾನು ಒಯ್ಯುವ ಹಡಗಿನಲ್ಲಿದ್ದರೆಂದೂ ಫೋನಿಗೆ ಸಿಗುತ್ತಿರಲಿಲ್ಲವೆಂದೂ ಆಮೇಲೆ ನನ್ನ ಉಮ್ಮ ಹೇಳಿದರು. ಗಂಡ ಮರುದಿನ ಸುರಕ್ಷಿತವಾಗಿ ಬಂದರು. ನಾನು ತಪ್ಪಾಯಿತು ಎನ್ನಲಿಲ್ಲ. ಒಂದು ಸಂಜೆ ಪುಸ್ತಕ ಮುಚ್ಚುತ್ತಾ ಟೀಚರೇ ಹೇಳಿದರು: "ಗುಡುಗು ಯಾಕೆ ಬರ್ತದೆ ಅಂತ ನಂಗೆ ಗೊತ್ತುಂಟು ಮಗಾ. ಅವ್ರು ಬರ್ತಾರಾ ಅಂತ ಗೊತ್ತಿರ್ಲಿಲ್ಲ."

ನಿನ್ನೆ ಸಂಜೆ ಇಲ್ಲೂ ಗುಡುಗು. ಅಬುಧಾಬಿಗೆ ಹೋಗಿದ್ದ ನನ್ನ ಗಂಡ ಎರಡು ಗಂಟೆ ಫೋನಿಗೆ ಸಿಗಲಿಲ್ಲ. "ರಿಲ್ಯಾಕ್ಸ್ ಉಮ್ಮಾ, ಇಟ್ಸ್ ಜಸ್ಟ್ ಇಲೆಕ್ಟ್ರಿಸಿಟಿ" ಎಂದಳು ಮಗಳು, ನನ್ನದೇ ಹಳೆಯ ಧಾಟಿಯಲ್ಲಿ. ಆಮೇಲೆ ಅವರು ಬಂದರು, ನೆನೆದು ತೊಪ್ಪೆಯಾಗಿ. ಬಂದ ಮೇಲೂ ನನಗೆ ಅಳು ನಿಲ್ಲಲಿಲ್ಲ. ಟೀಚರಿಗೆ ಆಗಲೇ ಫೋನ್ ಮಾಡಿ ತಪ್ಪಾಯಿತು ಎನ್ನಬೇಕೆನಿಸಿತು... ಅವರು ತೀರಿಕೊಂಡು ಎರಡು ವರ್ಷವಾಯಿತು.