ಓದಕ್ಕನ ದನಿಗೆ ನಂಬಿಕೆ ಬಂದ ಬಗೆ

ಕಣ್ಣಿಲ್ಲದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿ ಕೊಡುವ ಕೆಲಸ ಲೋಕದ ಗಮನಕ್ಕೆ ಬರುವಂಥದ್ದಲ್ಲ. ಬರೆದವರ ಹೆಸರು ಮುಖಪುಟದ ಮೇಲಿರುತ್ತದೆ, ಅಚ್ಚು ಹಾಕಿದವರ ಹೆಸರು ಒಳಪುಟದಲ್ಲಿರುತ್ತದೆ. ಓದಿದವರ ಹೆಸರನ್ನು ಮೊದಲಿಗೆ ಒಂದು ಸಲ ಹೇಳಿ ಮುಗಿಸುತ್ತಾರೆ, ಕೇಳುವವರು ಆಗಿನ್ನೂ ಕುರ್ಚಿ ಎಳೆದುಕೊಳ್ಳುತ್ತಿರುತ್ತಾರೆ. ಇಂಥ ಮರೆಯ ಕ್ಷೇತ್ರದಲ್ಲಿ ಮೂರು ದಶಕಗಳಿಗೂ ಮಿಕ್ಕಿ ದುಡಿದು, ಶಾಲೆಯ ಮಕ್ಕಳಿಂದ ಹಿಡಿದು ಹಾಸಿಗೆ ಹಿಡಿದ ಮುದುಕರವರೆಗೆ ಅಸಂಖ್ಯ ಜನರಿಗೆ ಅಕ್ಷರವನ್ನು ಕಿವಿಯ ಮೂಲಕ ಉಣಿಸಿ, ಈಗ ನಿವೃತ್ತರಾಗಿರುವ ಹಿರಿಯರನ್ನು ನಮ್ಮ ಸಂಸ್ಥೆಯಲ್ಲಿ ಎಲ್ಲರೂ ‘ಓದಕ್ಕ’ ಎಂದೇ ಕರೆಯುತ್ತೇವೆ. ಅವರ ಅಭಿನಂದನ ಗ್ರಂಥಕ್ಕೆ ನಾಲ್ಕು ಮಾತು ಬರೆಯುವ ಭಾಗ್ಯ ನನ್ನ ಪಾಲಿಗೆ ಬಂದಿದೆ. ಇಂಥ ಲೇಖನಗಳನ್ನು ‘ನಾನು ಕಣ್ಣಾರೆ ಕಂಡಂತೆ’ ಎಂದು ಆರಂಭಿಸುವುದು ವಾಡಿಕೆ. ಹುಟ್ಟಿನಿಂದ ದೃಷ್ಟಿಯಿಲ್ಲದ ನನಗೆ ಆ ವಾಡಿಕೆ ಒಗ್ಗದು. ಕಿವಿಯಾರೆ ಕೇಳಿದ್ದನ್ನು ಹೇಳುತ್ತೇನೆ.

ಅವರು ಸಂಸ್ಥೆಗೆ ಸೇರಿದ್ದು ಬೆರಳಚ್ಚುಗಾರ್ತಿಯಾಗಿ. ಖಾಯಂ ಓದುಗರೊಬ್ಬರ ಗಂಟಲು ಕಟ್ಟಿ, ಪರೀಕ್ಷೆ ಹತ್ತಿರ ಬಂದು, ಇತಿಹಾಸದ ಪಠ್ಯ ಅರ್ಧಕ್ಕೇ ನಿಂತಿದ್ದಾಗ, ‘ನೀನು ಟೈಪ್ ಮಾಡುವಾಗ ಬಾಯಲ್ಲಿ ಹೇಳಿಕೊಳ್ತೀಯಲ್ಲಮ್ಮ, ಅದನ್ನೇ ಒಳಗೆ ಹೋಗಿ ಹೇಳು’ ಎಂದು ಹೆಡ್ ಕ್ಲರ್ಕ್ ಅವರನ್ನು ಧ್ವನಿಮುದ್ರಣದ ಕೋಣೆಗೆ ತಳ್ಳಿದರಂತೆ. ಆ ಕೋಣೆಯನ್ನು ಕೋಣೆ ಎನ್ನುವುದು ಔದಾರ್ಯ. ದೊಡ್ಡ ಬೀರು ಎಂದರೆ ಸರಿ. ಗೋಡೆಗೆಲ್ಲ ದಪ್ಪ ಬಟ್ಟೆ ಹೊಡೆದಿತ್ತು. ಸದ್ದಾಗುತ್ತದೆಂದು ಫ್ಯಾನಿಲ್ಲ, ಕಿಟಕಿಯಿಲ್ಲ. ಬೇಸಗೆಯಲ್ಲಿ ಒದ್ದೆ ಟವೆಲನ್ನು ಕೊರಳಿಗೆ ಸುತ್ತಿಕೊಂಡು, ಪುಟ ತಿರುವುವಾಗ ಉಸಿರು ಹಿಡಿದು, ಮೈಕಿನ ಮುಂದೆ ಗಂಟೆಗಟ್ಟಲೆ ಒಬ್ಬರೇ ಕೂರಬೇಕು. ಹೊಟ್ಟೆ ಗುರುಗುಟ್ಟಿದರೂ ಮೈಕು ಬಿಡದು. ಬರಗಾಲದ ಅಧ್ಯಾಯದಲ್ಲಿ ಅವರ ಹೊಟ್ಟೆಯ ಸದ್ದೊಂದು ಹಾಗೆಯೇ ಉಳಿದುಹೋಗಿ, ಶಾಲೆಯ ಮಕ್ಕಳಾದ ನಾವೆಲ್ಲ ಅದನ್ನು ಬೇಕೆಂದೇ ಸೇರಿಸಿದ್ದಾರೆ ಎಂದು ಮೆಚ್ಚಿಕೊಂಡಿದ್ದೆವು.

ಹೌದು, ನಾನು ಅವರ ದನಿಯಲ್ಲಿ ಓದಿ ಪಾಸಾದವನು. ವಸತಿಶಾಲೆಯಲ್ಲಿ ಮಿಕ್ಕ ಹುಡುಗರು ಆಟಕ್ಕೆ ಹೋದಾಗ ಕ್ಯಾಸೆಟ್ ಹಾಕಿಕೊಂಡು ಕೂರುತ್ತಿದ್ದೆ. ಮುಂದೆ ಅದೇ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಓದಿದ್ದನ್ನೆಲ್ಲ ಕೇಳಿ, ಕೆಮ್ಮು ಸೀನು ತೊದಲುಗಳನ್ನು ಕತ್ತರಿಸಿ, ಶುದ್ಧಮಾಡಿ ಕೊಡುವುದು ನನ್ನ ಕೆಲಸ. ಆ ಕೋಣೆಗೆ ಆಮೇಲೆ ಹಾಕಿಸಿದ್ದ ಗಾಜಿನ ಆ ಕಡೆ ಅವರು, ಈ ಕಡೆ ಹೆಡ್‌ಫೋನು ಹಾಕಿಕೊಂಡ ನಾನು. ದಿನವೆಲ್ಲ ಒಬ್ಬರ ಉಸಿರು ಇನ್ನೊಬ್ಬರ ಕಿವಿಯಲ್ಲಿ. ಹಾಗಿದ್ದೂ ನಾವಿಬ್ಬರೂ ಮಾತಾಡಿದ್ದು ಕಡಿಮೆ. ದಿನವಿಡೀ ಓದಿದವರಿಗೆ ಸಂಜೆಗೆ ಮಾತು ಉಳಿದಿರುವುದಿಲ್ಲ.

ಅವರ ಪತಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ಮಕ್ಕಳಿರಲಿಲ್ಲ. ಒಂದು ಬೆಳಿಗ್ಗೆ ಅಂಗಡಿಗೆಂದು ಹೊರಟವರು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು, ಕೂತಲ್ಲೇ ಹೋಗಿಬಿಟ್ಟರು. ಓದಕ್ಕ ಕೆಲವು ದಿನ ರಜೆಯಲ್ಲಿದ್ದು ಕೆಲಸಕ್ಕೆ ಮರಳಿದರು. ದನಿಯಲ್ಲಿ ಒಂದು ಎಳೆ ವ್ಯತ್ಯಾಸವಿರಲಿಲ್ಲ. ಉಚ್ಚಾರ ಅಷ್ಟೇ ಸ್ಪಷ್ಟ, ವೇಗ ಅಷ್ಟೇ ಸಮ. ಆದರೆ ಮೇಲಧಿಕಾರಿಗಳಿಗೆ ಒಂದು ಮಾತು ಹೇಳಿದ್ದನ್ನು ಗಾಜಿನಾಚೆಯಿಂದ ಕೇಳಿಸಿಕೊಂಡೆ: “ವ್ಯಾಕರಣ ಕೊಡಿ, ಕಾನೂನು ಕೊಡಿ, ಏನಾದ್ರೂ ಓದ್ತೀನಿ ಸರ್. ದೇವರ ಪುಸ್ತಕ ಮಾತ್ರ ಬೇರೆಯವರಿಗೆ ಕೊಡಿ. ನಾನೂ ಅವನೂ ಮಾತು ಬಿಟ್ಟಿದ್ದೀವಿ.”

ಹಲವು ವರ್ಷ ಹಾಗೆಯೇ ನಡೆಯಿತು. ಆಮೇಲೊಮ್ಮೆ ಬೇರೆ ಓದುಗರಿಲ್ಲದ ಹೊತ್ತಿನಲ್ಲಿ ದೇವರ ಪುಸ್ತಕಗಳ ಸಾಲಿನ ಒಂದು ಜೀವನಚರಿತ್ರೆ ಅವರ ಮೇಜಿಗೆ ಬಂತು. ಸಾಂಕ್ರಾಮಿಕ ರೋಗದ ಕಾಲದಲ್ಲಿ ತನ್ನ ಮನೆಯನ್ನೇ ರೋಗಿಗಳಿಗೆ ಬಿಟ್ಟುಕೊಟ್ಟ, ಹೆಚ್ಚು ಓದುಬರಹವಿಲ್ಲದ ಹೆಂಗಸೊಬ್ಬರ ಕಥೆ. ಓದಕ್ಕ ನಿಟ್ಟುಸಿರುಬಿಟ್ಟು ಒಳಗೆ ಹೋದರು, ಓದಿದರು, ಹೊರಬಂದರು. ಕತ್ತರಿಸಲು ನನಗೆ ಏನೂ ಸಿಗಲಿಲ್ಲ, ಅಷ್ಟು ಅಚ್ಚುಕಟ್ಟು. ಪುಸ್ತಕ ಕೇಳುಗರ ಮನೆಗಳಿಗೆ ಹೋಯಿತು.

ಅದಾಗಿ ಕೆಲವೇ ದಿನಗಳಲ್ಲಿ ಒಬ್ಬರು ಗೋಡೆ ಹಿಡಿದುಕೊಂಡು ನಮ್ಮ ಮೆಟ್ಟಿಲು ಹತ್ತಿ ಬಂದರು. ಜೀವನವೆಲ್ಲ ಮಕ್ಕಳಿಗೆ ಚಿತ್ರಕಲೆ ಕಲಿಸಿ, ನಿವೃತ್ತಿಯ ನಂತರ ಎರಡೂ ಕಣ್ಣು ಕಳೆದುಕೊಂಡ ಡ್ರಾಯಿಂಗ್ ಮೇಷ್ಟ್ರು. ಕ್ಯಾಸೆಟ್ಟನ್ನು ನನ್ನ ಮೇಜಿನ ಮೇಲಿಟ್ಟು, “ಓದೇನೋ ಚೆನ್ನಾಗಿದೆ. ಆದ್ರೆ ಓದಿದವರು ಇದರಲ್ಲಿ ಒಂದು ಮಾತನ್ನೂ ನಂಬಿಲ್ಲ” ಎಂದರು. ನನಗೆ ರೇಗಿತು. ಇಷ್ಟು ಶುದ್ಧವಾದ ಧ್ವನಿಮುದ್ರಣಕ್ಕೂ ಕೊಂಕೇ ಎಂದು ವಾದಕ್ಕೆ ನಿಂತೆ. ಓದಕ್ಕ ಅಲ್ಲೇ ಇದ್ದರು.

“ಅವರು ಹೇಳಿದ್ದು ನಿಜ ಬಿಡು” ಎಂದರು. “ಓದಿದವಳು ನಾನೇ ಮೇಷ್ಟ್ರೇ.”

“ದೂರು ಹೇಳೋಕೆ ಬಂದಿಲ್ಲಮ್ಮ. ನನಗೂ ನಂಬಿಕೆ ಅನ್ನೋದು ಖಾಲಿಯಾಗಿದೆ. ನಂಬಿದವರು ಯಾರಾದ್ರೂ ಓದಿದ್ರೆ ಅವರ ಹತ್ರ ಒಂಚೂರು ಕಡ ತಗೊಳ್ಳೋಣ ಅಂತಿದ್ದೆ.”

“ನನ್ನ ಡಬ್ಬಿನೂ ಖಾಲಿ. ಇದ್ದಿದ್ದರೆ ಕೊಡ್ತಿದ್ದೆ.”

ಮೇಷ್ಟ್ರು ನಕ್ಕರೋ ಕೆಮ್ಮಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಂದ ಹಾಗೆಯೇ ಗೋಡೆ ಸವರಿಕೊಂಡು ಇಳಿದುಹೋದರು. ಆ ಸಂಜೆ ಓದಕ್ಕ ಆ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡರು. ಅಷ್ಟು ವರ್ಷ ಪರರಿಗಾಗಿ ಓದಿದವರು ತಮಗಾಗಿ ಪುಸ್ತಕವೊಂದನ್ನು ಮನೆಗೆ ಒಯ್ದದ್ದು ಅದೇ ಮೊದಲು ಎಂದು ಆಮೇಲೆ ಅವರೇ ಹೇಳಿದರು.

ಮನೆಯಲ್ಲಿ ಮೆಲ್ಲಗೆ ಓದುತ್ತಾ ಹೋದಂತೆ, ತಾವು ಮೈಕಿನ ಮುಂದೆ ಗಂಭೀರವಾಗಿ ಓದಿ ದಾಟಿಸಿದ್ದ ವಾಕ್ಯಗಳು ಬೇರೆಯೇ ಆಗಿ ಕಂಡವಂತೆ. ಆ ಹೆಂಗಸು ಮೊದಲ ರೋಗಿಯನ್ನು ಒಳಗೆ ಕರೆದದ್ದು ಯಾವ ಮಹಾ ಕರುಣೆಯಿಂದಲೂ ಅಲ್ಲ. ಅವನು ಅವಳ ಹೊಸ್ತಿಲ ಮೇಲೆ ಬಿದ್ದುಬಿಟ್ಟಿದ್ದ. ಬಾಗಿಲು ಹಾಕಲು ಆಗುತ್ತಿರಲಿಲ್ಲ. ಬಾಗಿಲು ಹಾಕಬೇಕೆಂದೇ ಅವನನ್ನು ಒಳಗೆಳೆದುಕೊಂಡಳು. ಎಳೆದುಕೊಂಡ ಮೇಲೆ ನೀರು ಕೊಡದಿರಲು ಆಗಲಿಲ್ಲ. ದೇವರ ನೆನಪು ಬಂದದ್ದು ಬಹಳ ದಿನಗಳ ಮೇಲೆ, ರೋಗಿಗಳ ಪಾತ್ರೆ ತೊಳೆಯುತ್ತಿರುವಾಗ. “ಅವಳೂ ನಮ್ಮಂಥವಳೇ ಕಣೋ. ನಾನು ಅವಳನ್ನ ಮೂರ್ತಿ ಮಾಡಿ ಓದಿಬಿಟ್ಟಿದ್ದೆ” ಎಂದು ಮರುದಿನ ನನ್ನಲ್ಲಿ ಹೇಳಿದಾಗ ಅವರ ದನಿಯಲ್ಲಿ ನಾಚಿಕೆಯೂ ಬೆರಗೂ ಇದ್ದವು.

ಭಾನುವಾರ ನನ್ನನ್ನು ಕರೆದುಕೊಂಡು ಮೇಷ್ಟ್ರ ಮನೆಗೆ ಹೊರಟರು; ಅವರ ಟೇಪ್‌ರೆಕಾರ್ಡರು ದನಿ ಎಳೆಯುತ್ತಿದೆ, ನೋಡು ಎನ್ನುವುದು ನೆಪ. ಅಂಗಡಿಯೊಂದರ ಮೇಲಿನ ಒಂಟಿ ಕೋಣೆ. ಬಣ್ಣದ ಸೀಮೆಸುಣ್ಣದ ವಾಸನೆ, ಹಳೆಯ ಕಾಗದದ ವಾಸನೆ, ಬಹಳ ದಿನದಿಂದ ಯಾರೂ ಬಾರದ ಕೋಣೆಗೆ ಇರುವ ಇನ್ನೊಂದು ವಾಸನೆ. ಯಾರಿಗೆ ಬೇಕೆಂದು ಮೇಷ್ಟ್ರು ದೀಪ ಹಾಕುತ್ತಿರಲಿಲ್ಲ, ಕಿಟಕಿ ತೆರೆಯುತ್ತಿರಲಿಲ್ಲ. ನಾನು ಒಳಹೋಗಿ ಕುರ್ಚಿ ಹುಡುಕಿ ಕೂತೆ. ಮೇಷ್ಟ್ರು ಮಂಚದ ಮೇಲೆ ಕೂತರು. ಧಡ್ ಎಂದು ಮೇಜಿಗೆ ಎಡವಿ ಬಿದ್ದವರು ಆ ಕೋಣೆಯಲ್ಲಿ ಕಣ್ಣಿದ್ದ ಒಬ್ಬರೇ ಒಬ್ಬರು. “ಅಯ್ಯೋ, ಇದೇನು ಮೇಷ್ಟ್ರೇ, ಕುರುಡರ ರಾಜ್ಯದಲ್ಲಿ ನನ್ನ ಮೊಣಕಾಲು ಹೋಯ್ತಲ್ಲ!” ಎಂದು ಓದಕ್ಕ ನೆಲದ ಮೇಲೆ ಕೂತೇ ನಗತೊಡಗಿದರು. ಮೇಷ್ಟ್ರೂ ನಕ್ಕರು. ಪತಿ ತೀರಿಕೊಂಡ ಮೇಲೆ ಓದಕ್ಕ ನಕ್ಕದ್ದನ್ನು ನಾನು ಕೇಳಿದ್ದು ಆವತ್ತೇ ಮೊದಲು.

ಎದ್ದವರು ದೀಪ ಹಾಕಿದರು; ಅಂದಿನಿಂದ ಭಾನುವಾರದ ಓದು ಆರಂಭವಾಯಿತು. ಅದೇ ಪುಸ್ತಕ, ಮೊದಲಿನಿಂದ. ಒಂದು ಪುಟ ಓದಿದರೆ ಅರ್ಧ ಗಂಟೆ ಜಗಳ. ‘ಇಷ್ಟು ಒಳ್ಳೆಯವರು ಇರ್ತಾರೇನಮ್ಮ?’ ಎಂದು ಅವರು. ‘ಇದ್ದರು ಅಂತ ಬರೆದಿದೆಯಲ್ಲ ಮೇಷ್ಟ್ರೇ, ನಾವು ಇಲ್ಲ ಅನ್ನೋಕೆ ಯಾರು?’ ಎಂದು ಇವರು. ಮೊದಲ ವಾರ ಬರಿಗೈಯಲ್ಲಿ ಹೋದವರು ಮುಂದಿನ ವಾರ ಊಟದ ಡಬ್ಬಿ ಒಯ್ದರು. ಮೇಷ್ಟ್ರು ಬರೀ ಬ್ರೆಡ್ಡಿನ ಮೇಲೆ ದಿನ ದೂಡುತ್ತಿದ್ದಾರೆಂದು ಮೂಗಿಗೇ ತಿಳಿದಿತ್ತಂತೆ. ಆಮೇಲೆ ಸೂಜಿದಾರ ಒಯ್ದು ಅಂಗಿಯ ಗುಂಡಿ ಹಾಕಿದರು. ಆಮೇಲೆ ಕಿಟಕಿ ತೆರೆಸಿದರು. ಇದನ್ನೆಲ್ಲ ಸೇವೆ, ದಾನ ಎಂದು ನಾವು ಇಂದು ದೊಡ್ಡ ಪದಗಳಲ್ಲಿ ಹೇಳುತ್ತೇವೆ. ಅವರು ಹಾಗೆ ಅಂದವರಲ್ಲ. ಓದುತ್ತಾ ಕೂತವರಿಗೆ ಎದುರಿನ ಅಂಗಿಯಲ್ಲಿ ಗುಂಡಿ ಇಲ್ಲದ್ದು ಕಂಡಿತು, ಅಷ್ಟೇ.

ಒಂದು ದಿನ ಓದಕ್ಕ ಆ ಪುಸ್ತಕವನ್ನು ಹೊಸದಾಗಿ ಧ್ವನಿಮುದ್ರಿಸಬೇಕೆಂದು ಕೇಳಿದರು. ತಪ್ಪೇ ಇಲ್ಲದ್ದನ್ನು ಮತ್ತೆ ಯಾಕೆ ಮಾಡಬೇಕೆಂದು ಮೇಲಧಿಕಾರಿಗಳು ಒಪ್ಪಲಿಲ್ಲ. ಊಟದ ಬಿಡುವಿನಲ್ಲಿ ನಾವಿಬ್ಬರೇ ಆರಂಭಿಸಿದೆವು. ಈ ಸಲ ಅವರು ತೊದಲಿದರು, ನಿಂತರು, ಒಂದೆರಡು ಸಾಲನ್ನು ಮತ್ತೆ ಓದಿದರು. ಅವುಗಳನ್ನು ನಾನು ಕತ್ತರಿಸಲಿಲ್ಲ.

ಭಾನುವಾರದ ಓದಿನಲ್ಲಿ ಕೊನೆಯ ಅಧ್ಯಾಯ ಬಾಕಿಯಿರುವಾಗ ಮೇಷ್ಟ್ರು ಆಸ್ಪತ್ರೆ ಸೇರಿದರು. ಓದಕ್ಕ ಪುಸ್ತಕ ಹಿಡಿದು ಸಾರ್ವಜನಿಕ ವಾರ್ಡಿಗೇ ಹೋದರು. ನಾನು ಅವರ ತೋಳು ಹಿಡಿದು ಹಿಂದೆ. ಫಿನಾಯಿಲಿನ ವಾಸನೆ, ಗಾಲಿಮಂಚದ ಕಿರಕಿರ, ನರಳಾಟಗಳ ನಡುವೆ ಸ್ಟೂಲಿನ ಮೇಲೆ ಕೂತು ಮೆಲುದನಿಯಲ್ಲಿ ಓದತೊಡಗಿದರು. ಪಕ್ಕದ ಮಂಚದಿಂದ ಯಾರೋ, “ಸ್ವಲ್ಪ ಜೋರಾಗಿ ಓದಿ ತಾಯಿ, ನಮಗೂ ಕೇಳಲಿ” ಎಂದರು. ಜೋರಾಗಿ ಓದಿದರು. ವಾರ್ಡಿನ ಗದ್ದಲ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಆರುತ್ತಾ ಬಂದದ್ದನ್ನು ನಾನು ಕೇಳಿದೆ. ಮುಗಿದ ಮೇಲೆ ಮೇಷ್ಟ್ರು ಕೇಳಿದರು:

“ಇವತ್ತು ಓದಿದವರು ಯಾರಮ್ಮ?”

“ನಾನೇ ಮೇಷ್ಟ್ರೇ.”

“ಗೊತ್ತೇ ಆಗ್ಲಿಲ್ಲ ನೋಡು.”

ಅವರು ಜ್ವರದ ಮಂಪರಿನಲ್ಲಿ ಹಾಗೆಂದರೆಂದು ನರ್ಸ್ ಸಮಾಧಾನ ಹೇಳಿದರು. ಓದಕ್ಕನಿಗೆ ಸಮಾಧಾನ ಬೇಕಿರಲಿಲ್ಲ. ಕಡ ಕೊಡಲು ತಮ್ಮಲ್ಲಿ ಏನೋ ಸೇರಿದೆಯೆಂದು ಅವರಿಗೆ ತಿಳಿದದ್ದು ಆ ಮಾತಿನಿಂದ. ಮೇಷ್ಟ್ರು ಆ ವಾರದಲ್ಲೇ ತೀರಿಕೊಂಡರು. ಬಂಧುಗಳೆಂದು ಯಾರೂ ಬರಲಿಲ್ಲ. ಕೊನೆಯವರೆಗೆ ಜೊತೆಗೆ ನಡೆದವರು ನಾವಿಬ್ಬರು ಮತ್ತು ಅವರ ಕೋಣೆಯ ಕೆಳಗಿನ ಅಂಗಡಿಯವರು.

ಮರುವಾರ ಓದಕ್ಕ ಎಂದಿನಂತೆ ಮನೆಯಿಂದ ಹೊರಟು, ರಸ್ತೆಯ ತಿರುವಿಗೆ ಬಂದ ಮೇಲೆ, ಎಲ್ಲಿಗೆ ಹೋಗಬೇಕೆಂದೇ ತೋಚದೆ ನಿಂತರಂತೆ. ಹಿಂದಿರುಗಿದರೆ ಖಾಲಿ ಮನೆ, ಮುಂದೆ ಹೋದರೆ ಖಾಲಿ ಕೋಣೆ. ಕಾಲು ತಾನಾಗಿ ಆಸ್ಪತ್ರೆಯ ಕಡೆಗೆ ತಿರುಗಿತು. ಮೇಷ್ಟ್ರ ಮಂಚದಲ್ಲಿ ಕಾಲು ಮುರಿದ ಲಾರಿ ಚಾಲಕನೊಬ್ಬನಿದ್ದ. ಪುಸ್ತಕ ಹಿಡಿದು ಸ್ಟೂಲೆಳೆದುಕೊಂಡವರನ್ನು ಕಂಡು, “ಯಾರನ್ನ ನೋಡೋಕೆ ಬಂದ್ರಿ ಅಮ್ಮ?” ಎಂದ.

“ನಿನ್ನನ್ನೇ ಕಣಪ್ಪ.”

ಅಂದಿನಿಂದ ಇಂದಿನವರೆಗೆ ಆ ವಾರ್ಡಿನಲ್ಲಿ ಭಾನುವಾರದ ಓದು ನಿಂತಿಲ್ಲ. ಓದಿ ಎದ್ದ ಮೇಲೆ ಒಬ್ಬರಿಗೆ ಹಣ್ಣು, ಒಬ್ಬರಿಗೆ ಹಳೆಯ ಸ್ವೆಟರು, ಯಾರೂ ಇಲ್ಲದವರಿಗೆ ತಲೆ ಬಾಚುವುದು, ಊರಿಗೆ ಫೋನು ಮಾಡಿ ಕೊಡುವುದು. ಅವರ ಓದು ಅವರ ಕೈಗಳಿಗೆ ಹೀಗೆ ಕೆಲಸ ಹಚ್ಚಿತು.

ಇದರಿಂದ ಅವರ ಒಂಟಿತನ ಮಾಯವಾಯಿತೆಂದು ಬರೆದರೆ ಸುಳ್ಳಾದೀತು; ಅಭಿನಂದನ ಗ್ರಂಥದಲ್ಲಾದರೂ ಸುಳ್ಳು ಬರೆಯಬಾರದು. ನಾನೊಮ್ಮೆ, ಈಗ ದೇವರ ಜೊತೆ ಮಾತು ಶುರುವಾಗಿದೆಯೇ ಅಕ್ಕ ಎಂದು ಕೇಳಿದ್ದೆ. “ಶುರುವಾಗಿದೆ. ಹೆಚ್ಚಾಗಿ ಜಗಳವೇ. ಅವನು ಮನೆಗೆ ಬಂದು ಎದುರಿಗೆ ಕೂತು ಊಟ ಮಾಡೋಲ್ಲ ನೋಡು. ತಟ್ಟೆ ಒಂದೇ. ಆದ್ರೆ ಮೊದಲು ಗೋಡೆ ಜೊತೆ ಉಣ್ತಿದ್ದೆ, ಈಗ ಹಾಗನ್ನಿಸೋಲ್ಲ” ಎಂದಿದ್ದರು. ನನ್ನ ತಾಯಿ ತೀರಿಕೊಂಡಾಗ ಸಾಂತ್ವನ ಹೇಳಲು ಬಂದವರೆಲ್ಲ ಹೇಳಿ ಹೋದರು. ಓದಕ್ಕ ಮಾತ್ರ ನನ್ನ ಕೋಣೆಯ ಬಾಗಿಲ ಬಳಿ ಕೂತು ಸಂಜೆಯವರೆಗೆ ಓದಿದರು. ಏನು ಓದಿದರೆಂದು ನೆನಪಿಲ್ಲ. ಕೋಣೆಯಲ್ಲಿ ಇನ್ನೊಂದು ಉಸಿರಿತ್ತು ಎನ್ನುವುದು ನೆನಪಿದೆ.

ನಿವೃತ್ತಿಯ ದಿನ ಅವರು ಓದಿದ್ದು ಶಾಲೆಯ ಗಣಿತ. ಮುಗಿಸಿ, ಕೊರಳ ಟವೆಲನ್ನು ಹಿಂಡಿ, ಮಡಚಿ, ಹೊರಬಂದರು. ಈಗ ಗಾಜಿನ ಆ ಕಡೆಯಿಂದ ಹೊಸ ದನಿಗಳು ಬರುತ್ತವೆ, ಒಳ್ಳೆಯ ದನಿಗಳೇ. ನಾನು ಕತ್ತರಿಸುವ ಕೆಲಸವನ್ನು ಶ್ರದ್ಧೆಯಿಂದಲೇ ಮಾಡುತ್ತೇನೆ. ಹೆಡ್‌ಫೋನು ತೆಗೆದ ಮೇಲೆ ಕೋಣೆ ಮೊದಲಿಗಿಂತ ದೊಡ್ಡದಾಗಿದೆ ಅನ್ನಿಸುತ್ತದೆ.

ಹೋದ ಭಾನುವಾರ ವಾರ್ಡಿನಲ್ಲಿ ಓದಕ್ಕನ ಗಂಟಲು ಪೂರ್ತಿ ಕಟ್ಟಿತ್ತು. ಎರಡು ಸಾಲು ಓದಿ ಕೆಮ್ಮಿದರು. ನನ್ನ ಚೀಲದಲ್ಲಿ ಬ್ರೈಲ್ ಪುಸ್ತಕವೊಂದಿತ್ತು. “ತೆಗಿ ಅದನ್ನ. ಇವತ್ತು ನೀನು ಓದು” ಎಂದರು. ಜೀವಮಾನವೆಲ್ಲ ಪರರ ದನಿ ತಿದ್ದಿದ ನಾನು ಹತ್ತು ಜನರ ಮುಂದೆ ಒಂದು ಪುಟ ಓದಿದವನಲ್ಲ. ಬೆರಳು ಮುಂದೋಡಿ ಸಾಲು ತಪ್ಪಿತು. ಓದಿದ್ದನ್ನು ನಾನು ನಂಬಿದೆನೋ ಇಲ್ಲವೋ ಹೇಳಲಾರೆ. ಪಕ್ಕದ ಸ್ಟೂಲಿನಲ್ಲಿ ಅವರು ಕೂತಿದ್ದರು, ನಾನು ಓದಿದೆ. ಹೊರಗೆ ಬಂದ ಮೇಲೆ ಮೆಟ್ಟಿಲಿಳಿಯುತ್ತಾ ಹೇಗಿತ್ತಕ್ಕ ಎಂದು ಕೇಳಿದೆ.

“ಅವಸರ ಜಾಸ್ತಿ. ಮುಂದಿನ ವಾರ ನಿಧಾನವಾಗಿ ಓದು.”

ಪೂಜ್ಯ ಓದಕ್ಕನವರಿಗೆ ಅಂಥ ಮುಂದಿನ ವಾರಗಳು ಲೆಕ್ಕ ತಪ್ಪುವಷ್ಟು ದೊರೆಯಲಿ. ಗಂಟಲು ಗುಣವಾಗಲಿ, ಮೊಣಕಾಲಿಗೆ ಬಲವಿರಲಿ, ಓದಬೇಕಾದ ಪುಸ್ತಕಗಳು ಅವರ ಮೇಜಿನ ಮೇಲೆ ಯಾವಾಗಲೂ ಒಂದೆರಡು ಉಳಿದಿರಲಿ. ನಾನು ನಿಧಾನವಾಗಿ ಓದುವುದನ್ನು ಕಲಿಯುತ್ತಿದ್ದೇನೆ. ಅದನ್ನು ಕೇಳಿ ತಿದ್ದಲು ಅವರು ಪಕ್ಕದಲ್ಲಿ ಕೂತಿರಲಿ.