ಬಾಣಲೆ ಹೇಳುವವರೆಗೆ

ಕಾರ್ತಿಕದ ಒಂದು ಭಾನುವಾರ, ಸಂಜೆ ನಾಲ್ಕು ಗಂಟೆ. ಹಾಜರಿದ್ದವರು ಇಬ್ಬರು: ಮೈಲಾಪೂರಿನ ನಮ್ಮ ಎದುರು ಮನೆಯ ಅಮ್ಮ, ಅವರಿಗೆ ಕ್ಯಾರೆಟ್ ತುರಿದುಕೊಡಲು ಹೋಗಿದ್ದ ನಾನು. ಐದಕ್ಕೆ ಅವರ ಹೊಸ ಬೀಗರು ಮೊದಲ ಸಲ ಬರುವವರಿದ್ದರು. ಬಂದವರಿಗೆ ಹದವಾದ ಬಿಸಿ ಹಲ್ವ ಕೊಡಬೇಕೆಂಬುದು ಅಮ್ಮನ ಹಟ.

ಅವರಿಗೆ ಕಿವಿ ಮಂದ. ಅವರು ಟೀವಿ ಇಡುತ್ತಿದ್ದ ಜೋರಿಗೆ ಧಾರಾವಾಹಿಯೆಲ್ಲ ನನಗೂ ಬಾಯಿಪಾಠವಾಗಿತ್ತು. ಆದರೆ ದೇವರಿಗಿಡುವ ಮೊದಲು ರುಚಿ ನೋಡುವಂತಿಲ್ಲವಾದ್ದರಿಂದ ಹಲ್ವದ ಹದವನ್ನು ಸದ್ದಿನಿಂದಲೇ ತಿಳಿಯುತ್ತಿದ್ದರು. ನಾನು ಗಡಿಯಾರ ನೋಡಿದಾಗಲೆಲ್ಲ ಸೌಟು ಎತ್ತಿ, "ಅದನ್ಯಾಕೆ ನೋಡ್ತೀರಿ ಮೇಷ್ಟ್ರೇ? ಬಾಣಲೇನೇ ಹೇಳತ್ತೆ" ಎನ್ನುತ್ತಿದ್ದರು.

ಐದಕ್ಕೆ ಹತ್ತು ನಿಮಿಷವಿರುವಾಗ ಹಲ್ವ ತುಪ್ಪ ಬಿಡತೊಡಗಿತು. ಅಮ್ಮ ಫ್ಯಾನ್ ಆರಿಸಿ, ಕಿವಿಯ ಹಿಂದೆ ಅಂಗೈ ಹಿಡಿದು ಬಾಣಲೆಯತ್ತ ಬಗ್ಗಿದರು. "ನಾನು ಹೇಳೋವರೆಗೂ ಉಸಿರೆತ್ಬೇಡಿ."

ಸರಿಯಾಗಿ ಐದಕ್ಕೆ ಕರೆಗಂಟೆ ಹೊಡೆಯಿತು. ನಾನು ಬಾಗಿಲತ್ತ ಕೈ ತೋರಿಸಿದೆ.

"ಶ್!"

ಮತ್ತೆ ಹೊಡೆಯಿತು, ಆಮೇಲೆ ಬಿಡದೆ ಹೊಡೆಯಿತು. ಮೂವತ್ತು ವರ್ಷ ಮಕ್ಕಳನ್ನು ಸುಮ್ಮನೆ ಕೂರಿಸಿದವನು ನಾನು. ಸುಮ್ಮನೆ ನಿಂತೆ.

"ಹೇಳ್ತು!" ಎಂದು ಅವರು ಗ್ಯಾಸ್ ಆರಿಸಿದಾಗ ಐದೂ ಹತ್ತು. ಬಾಗಿಲು ತೆರೆದರೆ ಬೀಗರಿಬ್ಬರೂ ಬೆವೆತು ನಿಂತಿದ್ದರು.

"ಎಷ್ಟು ಹೊತ್ತಿಂದ ಬೆಲ್ ಒತ್ತೋದು ಅಮ್ಮಾ!" ಎಂದರು ಬೀಗಿತ್ತಿ.

"ಅಯ್ಯೋ, ಕೆಟ್ಟೋಗಿರ್ಬೇಕು. ಮೇಷ್ಟ್ರೇ, ನಿಮಗೇನಾದ್ರೂ ಕೇಳಿಸ್ತಾ?"

ನಾನು ಇಲ್ಲವೆಂದೆ.

ದೇವರಿಗಿಟ್ಟ ಮೇಲೆ ಎಲ್ಲರೂ ತಿಂದರು. ಬೀಗಿತ್ತಿ ಎರಡನೆಯ ಸಲ ಬಟ್ಟಲು ಚಾಚಿದರು. ಆರು ಗಂಟೆಗೆ ನಾನು ಮನೆಯಿಂದ ಸ್ಕ್ರೂಡ್ರೈವರ್ ತಂದು, ಅವರೆಲ್ಲರ ಎದುರಿಗೆ, ಕೆಡದ ಕರೆಗಂಟೆಯನ್ನು ರಿಪೇರಿ ಮಾಡಿ ಮುಗಿಸಿದೆ.